‘ಆ ಕೂದ್ಲಾ ಎಲ್ಲಿ ಅದಾವ್ರೀ?’: ಮುಂಬಯಿಯ ಒಂದು ಕನ್ನಡ ಶಾಲೆಯ ಪ್ರಕರಣ

ಹುಡುಗನ ತಾಯಿ ಬರುತ್ತಾರೆಂದು ಗೊತ್ತಾದಾಗ ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಎಲ್ಲರೂ ಜಗಳಕ್ಕೆ ತಯಾರಾಗಿ ಕೂತಿದ್ದರಂತೆ. ಆಕೆ ಜಗಳವಾಡಲಿಲ್ಲ. ಬಾಗಿಲಲ್ಲೇ ನಿಂತು ಸೆರಗು ಸರಿಮಾಡಿಕೊಂಡು ಒಂದೇ ಮಾತು ಕೇಳಿದರು: “ಅಕ್ಕೋರ, ಆ ಕೂದ್ಲಾ ಎಲ್ಲಿ ಅದಾವ್ರೀ?”

ಯಾರಿಗೂ ಗೊತ್ತಿರಲಿಲ್ಲ. ಕತ್ತರಿಸಿದ್ದು ಹಿಂದಿನ ದಿನ ಬೆಳಿಗ್ಗೆ, ಪ್ರಾರ್ಥನೆಯ ಹೊತ್ತಿಗೆ. ಅಂಗಳ ಆಗಲೇ ಎರಡು ಸಲ ಗುಡಿಸಿ ಆಗಿತ್ತು.

ಶಾಲೆಯ ಹೆಸರು ಬೇಡ, ಮನುಷ್ಯರ ಹೆಸರೂ ಬೇಡ. ಕುರ್ಲಾದಿಂದ ಮುಲುಂಡ್‌ವರೆಗಿನ ಯಾವುದೋ ಒಂದು ಸ್ಟೇಷನ್ನಿಗೆ ಹತ್ತಿರದ ಅನುದಾನಿತ ಕನ್ನಡ ಮಾಧ್ಯಮ ಹೈಸ್ಕೂಲು ಎಂದುಕೊಳ್ಳಿ. ಕಟ್ಟಿದವರು ಕರಾವಳಿಯಿಂದ ಬಂದ ಹೋಟೆಲಿನವರು. ಅವರ ಮಕ್ಕಳು ಇಂಗ್ಲಿಷ್ ಮೀಡಿಯಮ್ಮಿಗೆ ಹೋಗಿ ಎರಡು ತಲೆಮಾರಾಯಿತು. ಈಗ ಆ ಬೆಂಚುಗಳಲ್ಲಿ ಕೂರುವವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಶಾಲೆ ನಡೆಸುವ ಮಂಡಳಿಯ ಕನ್ನಡ ಒಂದು, ಮಕ್ಕಳ ಕನ್ನಡ ಇನ್ನೊಂದು. ಈ ಪ್ರಕರಣದಲ್ಲಿ ಆ ಅಂತರವೂ ಒಂದು ಪಾತ್ರವೇ.

ನಾನು ಬೇರೆ ಶಾಲೆಯಿಂದ ನಿವೃತ್ತನಾದವನು. ವಿಚಾರಣೆಗೆಂದು ಮಂಡಳಿ ಮಾಡಿದ ಐದು ಜನರ ಸಮಿತಿಯಲ್ಲಿ ‘ಹೊರಗಿನವರೊಬ್ಬರು ಇರಲಿ’ ಎಂದು ನನ್ನನ್ನು ಸೇರಿಸಿಕೊಂಡರು. ಮುಂದೆ ಬರೆದಿರುವುದು ಆ ಸಮಿತಿಯ ವರದಿಯಲ್ಲ. ವರದಿ ಒಂದೂವರೆ ಪುಟ ಇತ್ತು. ಅದರಲ್ಲಿ ಕೂದಲಿನ ಪ್ರಶ್ನೆ ಇರಲೇ ಇಲ್ಲ.

ನಡೆದದ್ದು

2024ರ ಆಗಸ್ಟ್. ಸ್ವಾತಂತ್ರ್ಯ ದಿನದ ಪರೇಡಿಗೆ ಮೂರು ದಿನ ಇತ್ತು. ಧ್ವಜಾರೋಹಣಕ್ಕೆ ಆಮದಾರರು, ಅಂದರೆ ಶಾಸಕರು, ಬರುವವರಿದ್ದರು. ಪಿ.ಟಿ. ಸರ್ ಸೋಮವಾರ ಸಾಲು ನಿಲ್ಲಿಸಿ ಉಗುರು, ಬೂಟು, ಕೂದಲು ನೋಡುತ್ತ ಬಂದರು. ಎಂಟನೆಯ ತರಗತಿಯ ಹುಡುಗನೊಬ್ಬನ ಕೂದಲು ಕಿವಿ ಮುಚ್ಚಿ ಕಾಲರ್ ಮುಟ್ಟುತ್ತಿತ್ತು. ವಯಸ್ಸು ಹದಿಮೂರು, ಕಬಡ್ಡಿಯಲ್ಲಿ ಚುರುಕು, ಮಾತು ಕಡಿಮೆ.

“ಎಷ್ಟು ಸಲ ಹೇಳಬೇಕು ನಿಂಗೆ? ಟಪೋರಿ ಹಾಗೆ ಕಾಣ್ತಾ ಇದ್ದೀಯಲ್ಲ ಮಾರಾಯ,” ಎಂದು ಸರ್ ಹೇಳಿದ್ದನ್ನು ಇಡೀ ಸಾಲು ಕೇಳಿಸಿಕೊಂಡಿತು, ನಕ್ಕಿತು. ತೋರಣಕ್ಕೆ ಬಣ್ಣದ ಕಾಗದ ಕತ್ತರಿಸುತ್ತಿದ್ದ ಹುಡುಗಿಯರ ಹತ್ತಿರ ಕತ್ತರಿ ಇತ್ತು. ಅದನ್ನು ಇಸಕೊಂಡು ಹಣೆಯ ಮೇಲಿನ ಒಂದು ಹಿಡಿ ಕೂದಲನ್ನು ಬುಡದವರೆಗೆ ಕತ್ತರಿಸಿದರು. ಉದ್ದೇಶವನ್ನು ಅವರೇ ನಮ್ಮೆದುರು ಹೇಳಿದರು: ಇಷ್ಟು ಮಾಡಿದರೆ ಸಂಜೆಗೆ ಸಲೂನಿಗೆ ಹೋಗದೆ ಬೇರೆ ದಾರಿ ಇರುವುದಿಲ್ಲ. ಹೊಡೆಯಲಿಲ್ಲ, ಗಾಯವಾಗಲಿಲ್ಲ. ಅರ್ಧ ನಿಮಿಷದ ಕೆಲಸ.

ಆ ಕೂದಲು ಹರಕೆಯದು. ಹಿಂದಿನ ವರ್ಷದ ಮಳೆಗಾಲದಲ್ಲಿ ಹುಡುಗನಿಗೆ ಡೆಂಗ್ಯೂ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ತಾಯಿ ಮನೆದೇವರಿಗೆ, ಯಾದಗಿರಿ ಕಡೆಯ ಮೈಲಾಪುರದ ಮಲ್ಲಯ್ಯನಿಗೆ, ಹರಕೆ ಹೊತ್ತಿದ್ದರು. ಹುಡುಗ ಉಳಿದರೆ ಸಂಕ್ರಾಂತಿ ಜಾತ್ರೆಯಲ್ಲಿ ಅವನ ಮುಡಿ ಕೊಡುವುದು, ಅಲ್ಲಿಯವರೆಗೆ ಕತ್ತರಿ ಮುಟ್ಟಿಸುವುದಿಲ್ಲ. ಆ ಜನವರಿಯಲ್ಲಿ ಊರಿಗೆ ಹೋಗಲು ದುಡ್ಡಾಗಲಿಲ್ಲ. ಮುಂದಿನ ಜನವರಿಗೆ ಹೋಯಿತು. ಹಾಗಾಗಿ ಕೂದಲು ಅಷ್ಟು ಉದ್ದ.

ಹುಡುಗ ಇದನ್ನು ಯಾಕೆ ಹೇಳಲಿಲ್ಲ ಎಂದು ಸಮಿತಿಯ ಮೊದಲ ದಿನವೇ ಪ್ರಶ್ನೆ ಬಂತು. ಹೇಳಿದ್ದ. ಜುಲೈಯಲ್ಲಿ ಮೊದಲ ಸಲ ಸಾಲಿನಿಂದ ಹೊರಗೆ ನಿಲ್ಲಿಸಿದಾಗ “ಹರಕಿ ಅದ ಸರ” ಎಂದಿದ್ದ. ಪಕ್ಕದವರು ನಕ್ಕರು, ಸರ್ ಅದನ್ನೊಂದು ನೆಪ ಎಂದುಕೊಂಡರು. ಎರಡನೆಯ ಸಲ ಡೈರಿಯಲ್ಲಿ ಬರೆದು ಕಳಿಸಿದರು: ‘ಕೂದಲು ಕತ್ತರಿಸಿ ಕಳುಹಿಸಿ.’ ತಂದೆ ಕೂಲಿ ಸಿಗಲೆಂದು ಬೆಳಿಗ್ಗೆ ಆರಕ್ಕೆ ರಸ್ತೆ ಕೂಡುವ ನಾಕಾಕ್ಕೆ ಹೋಗಿ ನಿಲ್ಲುವ ಬಿಗಾರಿ, ದಿನಗೂಲಿಯವರು. ತಾಯಿ ಎರಡು ಸೊಸೈಟಿಗಳಲ್ಲಿ ಮನೆಗೆಲಸ ಮಾಡುವವರು, ಓದು ಬಾರದು. ಡೈರಿ ಓದಿದ್ದು, ತಾಯಿಯ ಬದಲು ಸಹಿ ಮಾಡಿದ್ದು ಅದೇ ಶಾಲೆಯಲ್ಲಿ ಹತ್ತನೆಯದರಲ್ಲಿದ್ದ ಅಕ್ಕ. ಅವಳು ಹೋಗಿ ತಮ್ಮನ ಕ್ಲಾಸ್ ಟೀಚರ್‌ಗೆ ಹರಕೆಯ ವಿಷಯ ಹೇಳಿದಳು. ಟೀಚರ್ “ಹೂಂ, ಅಪ್ಪನ ಹತ್ತಿರ ಒಂದು ಚೀಟಿ ಬರೆಸಿಕೊಂಡು ಬಾ” ಎಂದರು. ಅಪ್ಪನಿಗೂ ಬರೆಯಲು ಬರುವುದಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ, ಅವಳಿಗೆ ಹೇಳಲು ನಾಚಿಕೆ.

ಅಂದರೆ ಜುಲೈ ಮುಗಿಯುವ ಹೊತ್ತಿಗೆ ಸ್ಟಾಫ್ ರೂಮಿನ ಒಂದು ಮೇಜಿಗೆ ಆ ಸುದ್ದಿ ತಲುಪಿತ್ತು. ಅಲ್ಲಿಂದ ಪಿ.ಟಿ. ಸರ್ ಕೂರುವ ಮೇಜಿಗೆ ಆರು ಹೆಜ್ಜೆ. ನಾನು ಅಳೆದು ನೋಡಿದ್ದೇನೆ. ಕತ್ತರಿಗಿಂತ ಆ ಆರು ಹೆಜ್ಜೆ ನನ್ನನ್ನು ಹೆಚ್ಚು ಕಾಡಿತು.

ಸರ್ ಎಂಥವರು

ಇದನ್ನು ಓದುವವರು ಈಗಾಗಲೇ ಪಿ.ಟಿ. ಸರ್‌ಗೆ ಒಂದು ಮೀಸೆ, ಒಂದು ಬೆತ್ತ ಕೊಟ್ಟಿರುತ್ತೀರಿ. ಅವರು ಹಾಗಿಲ್ಲ. ಕುಂದಾಪುರ ಕಡೆಯವರು, ಐವತ್ತರ ಹತ್ತಿರ. ಇದೇ ಹುಡುಗನಿಗೆ ಕಬಡ್ಡಿ ಬೂಟು ತೆಗೆಸಿಕೊಟ್ಟವರು ಅವರೇ, ತಮ್ಮ ಕೈಯಿಂದ. ಸಂಜೆ ಏಳರವರೆಗೆ ಮೈದಾನದಲ್ಲಿ ಇರುವವರು. ಚಾಳಿನ ಮಕ್ಕಳು ‘ನೀಟಾಗಿ’ ಕಾಣಬೇಕು ಎಂಬುದು ಅವರಿಗೆ ಒಂದು ಛಲ. “ಈ ಮಕ್ಕಳನ್ನು ನೋಡಿ ಯಾರೂ ಮೂಗು ಮುರೀಬಾರ್ದು, ಅಷ್ಟೇ ನಂಗೆ,” ಎಂದರು ನಮ್ಮೆದುರು. ಸುಳ್ಳಲ್ಲ ಆ ಮಾತು.

ನನ್ನದೂ ಒಂದು ಪಾಪ ಇದೆ, ಇಲ್ಲೇ ಹೇಳಿಬಿಡುತ್ತೇನೆ. ಎಂಬತ್ತರ ದಶಕದಲ್ಲಿ ರಾತ್ರಿ ಶಾಲೆಯಲ್ಲಿ ಕಲಿಸುತ್ತಿದ್ದಾಗ ಹೋಟೆಲ್ ಹುಡುಗರ ತಲೆಯಲ್ಲಿ ಹೇನು ಕಂಡರೆ ಕೈಗೆ ಎರಡು ರೂಪಾಯಿ ಕೊಟ್ಟು ಕಟಿಂಗ್ ಮಾಡಿಸಿಕೊಂಡೇ ಬಾ ಎಂದು ಅಟ್ಟುತ್ತಿದ್ದೆ. ಅವರು ಹೋಗುತ್ತಿದ್ದರು. ಅವರಿಗೆ ಇಷ್ಟವಿತ್ತೋ ಇಲ್ಲವೋ ಎಂದು ನನಗೆ ಈಗಲೂ ತಿಳಿಯದು, ಕೇಳಿರಲಿಲ್ಲವಲ್ಲ.

ವಿಚಾರಣೆಯಲ್ಲಿ ಎಲ್ಲವನ್ನೂ ತಲೆಕೆಳಗು ಮಾಡಿದ ಮಾತು ಬಂದದ್ದು ಅಕ್ಕನ ಬಾಯಿಂದ. ಹದಿನೈದರ ಹುಡುಗಿ, ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ. “ಸರ, ನೀವು ಮಾಲಿ ಹಾಕ್ಕೊಂಡಾಗ ಗಡ್ಡ ಬಿಡ್ತೀರಿ, ಚಪ್ಪಲ್ ಹಾಕಂಗಿಲ್ಲ. ಅವಾಗ ನಿಮ್ಮ ಗಡ್ಡಾ ಯಾರರ ಕತ್ತರಿಸ್ಯಾರೇನ್ರೀ?”

ಪ್ರತಿ ವರ್ಷ ನವೆಂಬರಿನಿಂದ ಸರ್ ಅಯ್ಯಪ್ಪ ವ್ರತ ಹಿಡಿಯುತ್ತಾರೆ. ಕಪ್ಪು ಶರ್ಟು, ಬರಿಗಾಲು, ಕುರುಚಲು ಗಡ್ಡ. ಶಿಕ್ಷಕರ ಉಡುಪಿಗೂ ಆ ಶಾಲೆಯಲ್ಲಿ ನಿಯಮ ಇದೆ. ಆ ದಿನಗಳಲ್ಲಿ ಅದನ್ನು ಯಾರೂ ಎತ್ತುವುದಿಲ್ಲ, ಎತ್ತಬಾರದು ಕೂಡ. ಸರ್ “ಅದು ಬೇರೆ...” ಎಂದು ಶುರುಮಾಡಿದರು, ಮುಂದೆ ಹೋಗಲಿಲ್ಲ. ತಮ್ಮ ಹರಕೆ ವ್ರತ, ಆ ಹುಡುಗನ ಹರಕೆ ನೆಪ ಎಂದು ತಮಗೆ ಯಾಕೆ ಅನ್ನಿಸಿತು ಎಂಬುದನ್ನು ಅವರು ಆ ಕುರ್ಚಿಯಲ್ಲಿ ಕೂತೇ ಮೊದಲ ಬಾರಿಗೆ ಯೋಚಿಸಿದರು ಎಂದು ನನಗನ್ನಿಸಿತು.

ನಿಯಮದ ಪುಸ್ತಕ, ಕಾನೂನಿನ ಪುಸ್ತಕ

ಶಾಲೆಯ ಡೈರಿಯಲ್ಲಿ ಇದ್ದ ಸಾಲು ಇಷ್ಟೇ: ‘ಬಾಲಕರು ಕೂದಲನ್ನು ನೀಟಾಗಿ ಕತ್ತರಿಸಿರಬೇಕು. ಬಾಲಕಿಯರು ಎರಡು ಜಡೆ, ಕೆಂಪು ರಿಬ್ಬನ್. ಮೆಹೆಂದಿ, ಹೂವು ನಿಷಿದ್ಧ.’ ನೀಟು ಎಂದರೆ ಎಷ್ಟು ಇಂಚು? ಪಾಲಿಸದಿದ್ದರೆ ಏನು ಮಾಡಬೇಕು, ಯಾರು ಮಾಡಬೇಕು? ಒಂದಕ್ಷರ ಇಲ್ಲ. ಪ್ರವೇಶದ ಅರ್ಜಿಯ ಕೊನೆಗೆ ‘ಶಾಲೆಯ ಎಲ್ಲ ನಿಯಮಗಳಿಗೆ ಬದ್ಧರಾಗಿದ್ದೇವೆ’ ಎಂಬ ಸಾಲು, ಅದರ ಕೆಳಗೆ ತಾಯಿಯ ಹೆಬ್ಬೆಟ್ಟು. ಮಂಡಳಿಯ ಪ್ರತಿನಿಧಿ ಆ ಹೆಬ್ಬೆಟ್ಟನ್ನು ಮೇಜಿನ ಮೇಲೆ ಇಟ್ಟು, “ಒಪ್ಪಿಗೆ ಕೊಟ್ಟಿದ್ದಾರಲ್ಲ ಮಾಸ್ತರರೇ?” ಎಂದರು.

ನಾನು ಸಮಿತಿಯಲ್ಲಿ ಮತ್ತೆ ಮತ್ತೆ ಹಿಡಿದದ್ದು ಒಂದೇ ಎಳೆ. ಕೂದಲು ಹೇಗಿರಬೇಕೆಂದು ನಿಯಮ ಮಾಡುವ ಅಧಿಕಾರ ಬೇರೆ, ಆ ನಿಯಮವನ್ನು ಹುಡುಗನ ತಲೆಯ ಮೇಲೆ ಕೈಯಾರೆ ಜಾರಿ ಮಾಡುವ ಅಧಿಕಾರ ಬೇರೆ. ಮೊದಲನೆಯದು ಶಾಲೆಗೆ ಇದೆ, ಕೋರ್ಟುಗಳೂ ಸಾಕಷ್ಟು ಸಲ ಒಪ್ಪಿವೆ. ಎರಡನೆಯದು ಯಾವ ಹೆಬ್ಬೆಟ್ಟಿನಿಂದಲೂ ಬರುವುದಿಲ್ಲ.

ಮೊದಲನೆಯ ಮಾತು ಆ ದಿನಗಳಲ್ಲಿ ಊರೆಲ್ಲ ಕಾವೇರಿತ್ತು. ಚೆಂಬೂರಿನ ಕಾಲೇಜೊಂದು ಹಿಜಾಬ್, ಬುರ್ಖಾ, ಟೋಪಿ, ಬ್ಯಾಜ್ ಹಾಕಿಕೊಂಡು ಬರಬಾರದೆಂದು ಹೊರಡಿಸಿದ್ದ ಸೂಚನೆಯನ್ನು ಬಾಂಬೆ ಹೈಕೋರ್ಟು ಜೂನ್ 26ರಂದು ಎತ್ತಿಹಿಡಿದಿತ್ತು. ಆಗಸ್ಟ್ 9ರಂದು, ನಮ್ಮ ಹುಡುಗನ ಕೂದಲಿಗೆ ಕತ್ತರಿ ಬೀಳುವ ಮೂರು ದಿನ ಮೊದಲು, ಸುಪ್ರೀಂ ಕೋರ್ಟು ಅದಕ್ಕೆ ಭಾಗಶಃ ತಡೆ ಕೊಟ್ಟಿತು; ತಿಲಕ ಇಟ್ಟುಕೊಂಡು ಬಂದವರನ್ನೂ ಒಳಗೆ ಬಿಡುವುದಿಲ್ಲವೇ ಎಂದು ಪೀಠ ಕೇಳಿತು. ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಗಂಟೆಗಟ್ಟಲೆ ವಾದ ನಡೆದಿತ್ತಂತೆ. ಎಲ್ಲರಿಗೂ ಅಭಿಪ್ರಾಯ ಇತ್ತು. ತಮ್ಮದೇ ಅಂಗಳದಲ್ಲಿ ಅದೇ ಪ್ರಶ್ನೆ ಕಿವಿ ಮುಚ್ಚಿದ ಕೂದಲಾಗಿ ನಿಂತಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಒಂದು ವ್ಯತ್ಯಾಸ ಗಮನಿಸಿ: ಚೆಂಬೂರಿನ ಜಗಳ ನಡೆದದ್ದು ಸೂಚನೆಯ ಬಗ್ಗೆ. ಯಾರ ಮೈಮೇಲಿನದನ್ನು ಯಾರೂ ಕೈಹಾಕಿ ತೆಗೆದಿರಲಿಲ್ಲ.

ಎರಡನೆಯದಕ್ಕೆ ಬಂದಾಗ ಮಂಡಳಿಯ ವಕೀಲರು ಒಂದು ತುರುಪು ಎಲೆ ಎಸೆದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಯಾವ ಮಗುವಿಗೂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೊಡಬಾರದು ಎನ್ನುತ್ತದೆ, ಸರಿ. ಆದರೆ ನಮ್ಮದು ಮಹಾರಾಷ್ಟ್ರದಲ್ಲಿ ಭಾಷಾ ಅಲ್ಪಸಂಖ್ಯಾತ ಸಂಸ್ಥೆ. ಅಲ್ಪಸಂಖ್ಯಾತ ಶಾಲೆಗಳಿಗೆ ಆ ಕಾಯ್ದೆ ಲಾಗೂ ಇಲ್ಲವೆಂದು ಸುಪ್ರೀಂ ಕೋರ್ಟಿನ ಐವರ ಪೀಠ 2014ರ ಮೇ 6ರಂದೇ ಹೇಳಿದೆ. ಆದ್ದರಿಂದ 17ನೆಯ ಕಲಮನ್ನು ವರದಿಯಲ್ಲಿ ಎತ್ತಬೇಡಿ.

ಅಕ್ಷರಶಃ ಅವರು ಹೇಳಿದ್ದು ಸರಿ. ನನಗೆ ಮೈಯುರಿಯಿತು. ಕನ್ನಡದ ಮಕ್ಕಳಿಗೆ ಮುಂಬಯಿಯಲ್ಲಿ ಒಂದು ನೆರಳಿರಲಿ ಎಂದು ಪಡೆದ ಹಕ್ಕನ್ನು ಕನ್ನಡದ ಮಗುವಿನ ಕೂದಲು ಕತ್ತರಿಸಿದ್ದಕ್ಕೆ ಗುರಾಣಿಯಾಗಿ ಹಿಡಿಯುವುದೇ? (2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಇಬ್ಬರ ಪೀಠ, ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊಕದ್ದಮೆಯಲ್ಲಿ, ಆ 2014ರ ತೀರ್ಪಿನ ಬಗ್ಗೆಯೇ ಅನುಮಾನ ವ್ಯಕ್ತಪಡಿಸಿ ದೊಡ್ಡ ಪೀಠದ ಮುಂದಿಡಲು ಕಳಿಸಿತು. ಅದು ನಮ್ಮ ಸಮಿತಿ ಮುಗಿದು ವರ್ಷವಾದ ಮೇಲಿನ ಮಾತು.)

ಒಂದು ಬಾಗಿಲು ಮುಚ್ಚಿದರೂ ಉಳಿದವು ತೆರೆದೇ ಇದ್ದವು. 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮಿಗೆ ಶಾಲೆ ಅಲ್ಪಸಂಖ್ಯಾತರದ್ದೋ ಬಹುಸಂಖ್ಯಾತರದ್ದೋ ಬೇಕಿಲ್ಲ. ಮಗುವಿಗೆ ವಿನಾಕಾರಣ ದೈಹಿಕ, ಮಾನಸಿಕ ನೋವು ಕೊಡುವಂತೆ ನಡೆದುಕೊಂಡವರು ಮಗುವಿನ ಪಾಲನೆ ಹೊತ್ತ ಸಂಸ್ಥೆಯ ನೌಕರರಾಗಿದ್ದರೆ ಐದು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ಒಂದು ಹಿಡಿ ಕೂದಲು ಅಲ್ಲಿಯವರೆಗೆ ಎಳೆಯುತ್ತದೆಯೇ ಎಂದರೆ ವಕೀಲರು ಎರಡೂ ಕಡೆ ವಾದಿಸಬಹುದು. ಅದೇ ಜುಲೈ 1ರಿಂದ ಜಾರಿಗೆ ಬಂದಿದ್ದ ಭಾರತೀಯ ನ್ಯಾಯ ಸಂಹಿತೆಯಲ್ಲಿ ‘ಗಾಯ’ ಎನಿಸಿಕೊಳ್ಳಲು ಮೈಗೆ ನೋವಾಗಬೇಕು, ಕೂದಲಿಗೆ ನೋವಿಲ್ಲ. ಆದರೆ ಒಪ್ಪಿಗೆಯಿಲ್ಲದೆ, ಅವಮಾನವೋ ಕಿರಿಕಿರಿಯೋ ಆಗಲಿ ಎಂದೇ ಒಬ್ಬರ ಮೈಮೇಲೆ ಬಲ ಬಳಸುವುದು ಅದರಲ್ಲಿ ಬೇರೆಯೇ ಅಪರಾಧ. ಮಗುವಿನ ಒಳ್ಳೆಯದಕ್ಕಾಗಿ, ಪೋಷಕರ ಒಪ್ಪಿಗೆಯಿಂದ, ಸದ್ಭಾವನೆಯಲ್ಲಿ ಮಾಡಿದ್ದು ಎಂಬ ಹಳೆಯ ರಕ್ಷಣೆಯೊಂದು ಇದೆ, ಹಿಂದೆ ಭಾರತೀಯ ದಂಡ ಸಂಹಿತೆಯ 89ನೆಯ ಕಲಮು, ಈಗ ನ್ಯಾಯ ಸಂಹಿತೆಯ 27ನೆಯದು. ಅದು ಹನ್ನೆರಡು ತುಂಬದ ಮಕ್ಕಳ ವಿಷಯಕ್ಕೆ. ನಮ್ಮ ಹುಡುಗನಿಗೆ ಹದಿಮೂರು.

ಇವೆಲ್ಲಕ್ಕಿಂತ ಹತ್ತಿರದ್ದು ಮಹಾರಾಷ್ಟ್ರದ 1977ರ ಖಾಸಗಿ ಶಾಲಾ ನೌಕರರ ಕಾಯ್ದೆ ಮತ್ತು ಅದರ 1981ರ ನಿಯಮಗಳು. ಮುಂಬಯಿಯ ಯಾವುದೇ ಅನುದಾನಿತ ಶಾಲೆಯ ಮಾಸ್ತರಿಗೆ ಸಂಬಳದ ಚೀಟಿಯಷ್ಟೇ ಪರಿಚಿತ ಅದು. ಎಚ್ಚರಿಕೆ, ಛೀಮಾರಿಯಿಂದ ಹಿಡಿದು ಕೆಲಸದಿಂದ ತೆಗೆಯುವವರೆಗೆ ಶಿಸ್ತುಕ್ರಮ ಅಲ್ಲೇ ಬರೆದಿದೆ, ಅಲ್ಪಸಂಖ್ಯಾತ ಶಾಲೆಗೂ ಅನ್ವಯಿಸುತ್ತದೆ.

ಸಹೋದ್ಯೋಗಿಯೊಬ್ಬರು ಸರ್ ಪರವಾಗಿ ಒಂದು ಪತ್ರಿಕಾ ತುಣುಕು ತಂದಿದ್ದರು. ಮಕ್ಕಳಿಗೆ ಹೊಡೆದ ಆರೋಪದಲ್ಲಿ ಶಿಕ್ಷೆಗೊಳಗಾಗಿದ್ದ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರನ್ನು 2023ರಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಖುಲಾಸೆ ಮಾಡಿದ ಸುದ್ದಿ. ಶಿಕ್ಷಕರು ಇಂಥ ಆರೋಪಗಳಿಗೆ ಹೆದರುತ್ತ ಕೂತರೆ ಶಾಲೆ ನಡೆಸುವುದು ಕಷ್ಟ ಎಂಬ ಅರ್ಥದ ಮಾತು ಅದರಲ್ಲಿತ್ತು. ನನಗೆ ಆ ಕಳಕಳಿ ಅರ್ಥವಾಗುತ್ತದೆ, ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನು ನಾನು. ಆದರೆ ತಪ್ಪು ಮಾಡಿದ ಮಗುವನ್ನು ಆ ಕ್ಷಣಕ್ಕೆ ತಡೆಯುವುದು ಒಂದು. ಯಾರಿಗೂ ತೊಂದರೆ ಕೊಡದೆ ನಿಂತ ಮಗುವಿನ ತಲೆಗೆ ಕತ್ತರಿ ಹಾಕುವುದನ್ನು ಅದರ ಜೊತೆ ಕಟ್ಟಲು ಬರುವುದಿಲ್ಲ.

ತಾಯಿ ಕೇಳಿದ್ದು, ನಾವು ಕೊಟ್ಟದ್ದು

ಸಮಿತಿ ಆದದ್ದೂ ಹೆದರಿಕೆಯಿಂದಲೇ. ಮೊದಲ ವಾರ ಮಂಡಳಿ ‘ನೋಡೋಣ’ ಎಂದಿತ್ತು. ಆಗಸ್ಟ್ 20ರಂದು ಮುಂಬಯಿ ಹತ್ತಿರದ ಬದಲಾಪುರದಲ್ಲಿ, ಶಾಲೆಯೊಂದರಲ್ಲಿ ಪುಟ್ಟ ಹೆಣ್ಣುಮಕ್ಕಳ ಮೇಲೆ ನಡೆದ ದೌರ್ಜನ್ಯದ ವಿರುದ್ಧ ಜನ ಹಳಿಯ ಮೇಲೆ ಇಳಿದು ರೈಲು ನಿಲ್ಲಿಸಿದರು. ಆ ಸಂಜೆಯೇ ನನಗೆ ಫೋನು ಬಂತು. ಮಕ್ಕಳ ಸುರಕ್ಷತೆಗೆಂದು 2022ರ ಸರಕಾರಿ ಆದೇಶ ಹೇಳಿದ ಸಖೀ ಸಾವಿತ್ರಿ ಸಮಿತಿ ಶಾಲೆಯಲ್ಲಿ ಇದೆಯೇ ಎಂದು ಕೇಳಿದೆ. ಬೋರ್ಡ್ ಇತ್ತು, ಸಭೆ ನಡೆದಿರಲಿಲ್ಲ.

ತಾಯಿಗೆ ಪೊಲೀಸ್ ಠಾಣೆ, ಶಿಕ್ಷಣ ನಿರೀಕ್ಷಕರ ಕಚೇರಿ, ಮಕ್ಕಳ ಹಕ್ಕುಗಳ ಆಯೋಗ ಎಲ್ಲವನ್ನೂ ವಿವರಿಸಿ ಹೇಳಿದೆ. ಆಕೆ ತಲೆ ಅಲ್ಲಾಡಿಸಿದರು. “ಪೊಲೀಸ್ ಗಿಲೀಸ್ ಬ್ಯಾಡ್ರೀ. ಒಂದಿನ ರಜಾ ಹಾಕಿದ್ರ ಮನಿ ಬಿಡಸ್ತಾರ ಸೇಠಾಣಿ. ಮಲ್ಲಯ್ಯಗ ಏನ್ ಹೇಳಬೇಕ್ರೀ ನಾ?”

ಆ ಪ್ರಶ್ನೆಗೆ ಉತ್ತರ ಕೊಟ್ಟವಳು ಶಾಲೆಯ ಮಾವಶಿ, ಕಸ ಗುಡಿಸುವ ಆಯಾ. ಅವಳೂ ಸೋಲಾಪುರದ ಕಡೆಯವಳು, ಮರಾಠಿ ಕನ್ನಡ ಎರಡೂ ಬೆರೆಸಿ ಮಾತಾಡುತ್ತಾಳೆ. ಸೋಮವಾರ ಗುಡಿಸಿದ್ದನ್ನು ಒಣಕಸದ ಚೀಲದಲ್ಲಿ ತುಂಬಿದ್ದಳು. ಪಾಲಿಕೆಯ ಗಾಡಿ ಇನ್ನೂ ಒಯ್ದಿರಲಿಲ್ಲ. ತಾಯಿ ಬಂದು ಹೋದ ಮೇಲೆ, ಯಾರೂ ಹೇಳದೆ, ಚೀಲ ಬಿಚ್ಚಿ ಬಣ್ಣದ ಕಾಗದದ ಚೂರುಗಳ ನಡುವಿನಿಂದ ಸಿಕ್ಕಷ್ಟು ಕೂದಲು ಹೆಕ್ಕಿ ಪೇಪರಿನಲ್ಲಿ ಕಟ್ಟಿ ಇಟ್ಟಿದ್ದಳು. ಅರ್ಧದಷ್ಟು ಇದ್ದಿರಬಹುದು. ಅಷ್ಟು ಜನ ವಿದ್ಯಾವಂತರಲ್ಲಿ ಆ ತಾಯಿಯ ಪ್ರಶ್ನೆಯನ್ನು ಪ್ರಶ್ನೆ ಎಂದು ತೆಗೆದುಕೊಂಡವಳು ಅವಳೊಬ್ಬಳೇ.

ಕ್ಷಮೆ ಎಲ್ಲಿ ಕೇಳಬೇಕೆಂಬುದರ ಮೇಲೆ ದೊಡ್ಡ ಚರ್ಚೆ. ಮಂಡಳಿಗೆ ಆಫೀಸಿನಲ್ಲಿ ಮುಗಿಸುವ ಆಸೆ. ನಾನು, ಅವಮಾನವಾದದ್ದು ಪ್ರಾರ್ಥನೆಯ ಸಾಲಿನಲ್ಲಿ, ಕ್ಷಮೆಯೂ ಅಲ್ಲೇ ಆಗಬೇಕು ಎಂದು ಹಟ ಹಿಡಿದೆ. ಗೆದ್ದೆ ಕೂಡ. ಹುಡುಗ ಬೇಡ ಎಂದ. ಒಂಬತ್ತು ದಿನ ಶಾಲೆಗೆ ಬಾರದೆ, ಮನೆಯಲ್ಲೂ ಟೋಪಿ ಹಾಕಿಕೊಂಡೇ ಕೂತಿದ್ದವನು. “ಮತ್ತ ಎಲ್ಲಾರೂ ನನ್ನೇ ನೋಡ್ತಾರ,” ಎಂದಷ್ಟೇ ಹೇಳಿದ. ನಾನೂ ಅವನನ್ನು ಕೇಳದೆಯೇ ಅವನ ಪರವಾಗಿ ತೀರ್ಮಾನ ಮಾಡಿದ್ದೆ, ಪಿ.ಟಿ. ಸರ್ ಹಾಗೆಯೇ. ಕೊನೆಗೆ ಸರ್ ಚಾಳಿನ ಅವರ ಖೋಲಿಗೆ ಹೋಗಿ ಬಂದರು. ಅಲ್ಲಿ ಏನು ಮಾತಾಯಿತೋ ನಾನು ವಿಚಾರಿಸಲಿಲ್ಲ. ಚಹಾ ಕೊಟ್ಟರು ಎಂದಷ್ಟೇ ತಿಳಿಯಿತು. ಸೇವಾ ಪುಸ್ತಕದಲ್ಲಿ ಲಿಖಿತ ಎಚ್ಚರಿಕೆ ಸೇರಿತು. ಕ್ಲಾಸ್ ಟೀಚರ್‌ಗೆ ಏನೂ ಆಗಲಿಲ್ಲ, ಅದು ಸಮಿತಿಯ ಸೋಲು ಎಂದೇ ನಾನು ಎಣಿಸುತ್ತೇನೆ.

ನಿಯಮ ತಿದ್ದುವಾಗ ಸ್ವಲ್ಪ ಹಾಸ್ಯವೂ ಆಯಿತು. ಹರಕೆಗೆ ವಿನಾಯಿತಿ ಕೊಡೋಣ, ಆದರೆ ದೇವಸ್ಥಾನದಿಂದ ಒಂದು ಪತ್ರ ತರಲಿ ಎಂದರು ಟ್ರಸ್ಟಿ. ಮಲ್ಲಯ್ಯನ ಲೆಟರ್‌ಹೆಡ್ ಹೇಗಿರುತ್ತದೆ ಎಂದು ಕೇಳಿದೆ. ಹೆಡ್‌ಮಿಸ್ಟ್ರೆಸ್ ನಕ್ಕುಬಿಟ್ಟರು, ಅಲ್ಲಿಗೆ ಅದು ಬಿತ್ತು. ಈಗಿನ ಸಾಲು ಹೀಗಿದೆ: ಕೂದಲು ಕಣ್ಣಿಗೆ ಬೀಳಬಾರದು, ಉದ್ದವಿದ್ದರೆ ಕಟ್ಟಿಕೊಳ್ಳಬೇಕು, ಹುಡುಗನಾದರೂ ಸರಿ, ಕಾರಣ ಇದ್ದರೆ ಪೋಷಕರು ಬಾಯಿಮಾತಿನಲ್ಲಿ ಹೇಳಿದರೆ ಸಾಕು, ಕೇಳಿಸಿಕೊಂಡ ಶಿಕ್ಷಕರು ಬರೆದಿಡಬೇಕು, ಶಿಕ್ಷಕರಾಗಲಿ ಸಿಬ್ಬಂದಿಯಾಗಲಿ ಮಗುವಿನ ಕೂದಲು, ಉಗುರು, ಬಟ್ಟೆ, ಕೊರಳಿನ ದಾರ ಯಾವುದನ್ನೂ ಕತ್ತರಿಸಬಾರದು, ಕಿತ್ತುಕೊಳ್ಳಬಾರದು. ಹುಡುಗಿಯರ ಹೂವಿನ ನಿಷೇಧ ಹಾಗೇ ಉಳಿಯಿತು. ಮೈಸೂರು ಮಲ್ಲಿಗೆಯ ಪದ್ಯಗಳನ್ನು ಪಾಠ ಮಾಡುವ ಶಾಲೆಯಲ್ಲಿ ಹೂವಿಗೇನು ಅಡ್ಡಿ ಎಂದು ನನಗೆ ಇನ್ನೂ ಅರ್ಥವಾಗಿಲ್ಲ.

ಬಗೆಹರಿಯದೆ ಉಳಿದದ್ದು ಒಂದಿದೆ. ಹರಕೆಯೂ ಇಲ್ಲ, ಶ್ರಾವಣವೂ ಅಲ್ಲ, ಸುಮ್ಮನೆ ಯಾರೋ ಕ್ರಿಕೆಟಿಗನ ಹಾಗೆ ಕೂದಲು ಬಿಡಬೇಕೆನಿಸಿದ ಹುಡುಗ ಬಂದರೆ? ಸಮಿತಿ ಎರಡು ಭಾಗವಾಯಿತು. ನನ್ನ ಲೆಕ್ಕದಲ್ಲಿ ಶಾಲೆ ಅವನಿಗೆ ಬೇಡ ಎನ್ನಬಹುದು, ಮನೆಯವರನ್ನು ಕರೆಸಬಹುದು, ಪರೇಡಿನಿಂದ ಬಿಡಬಹುದು. ಕತ್ತರಿ ಮಾತ್ರ ಅವನ ವಿಷಯದಲ್ಲೂ ಮೇಜಿನ ಮೇಲೆಯೇ ಇರಬೇಕು. ಹರಕೆ ಇದ್ದದ್ದರಿಂದ ಈ ಪ್ರಕರಣದ ನೋವು ಹೆಚ್ಚಾಯಿತು, ತಪ್ಪು ಹೆಚ್ಚಾಗಲಿಲ್ಲ. ಇದನ್ನು ಮಂಡಳಿಗೆ ಮನದಟ್ಟು ಮಾಡಲು ನನ್ನಿಂದ ಆಗಲಿಲ್ಲ. ಅವರು ಕೊನೆಯವರೆಗೂ ‘ದೇವರ ವಿಷಯ ಅಂತ ಗೊತ್ತಿರಲಿಲ್ಲ’ ಎಂದೇ ಹೇಳುತ್ತಿದ್ದರು.

2025ರ ಸಂಕ್ರಾಂತಿಗೆ ಆ ಮನೆಯವರು ಮೈಲಾಪುರಕ್ಕೆ ಹೋದರು. ತಲೆಯ ಮೇಲಿನದನ್ನೂ ಮಾವಶಿಯ ಪೊಟ್ಟಣದ್ದನ್ನೂ ಒಟ್ಟಿಗೆ ಒಪ್ಪಿಸಿದರಂತೆ. ತಪ್ಪುಗಾಣಿಕೆಯೆಂದು ತಾಯಿ ನೂರಾ ಒಂದು ರೂಪಾಯಿ ಹೆಚ್ಚು ಹಾಕಿದರಂತೆ. ಯಾರ ತಪ್ಪಿಗೆ ಎಂದು ನಾನು ಕೇಳಲಿಲ್ಲ.

ಜನವರಿ 26ರ ಧ್ವಜಕ್ಕೆ ನನ್ನನ್ನೂ ಕರೆದಿದ್ದರು. ಹುಡುಗ ಪರೇಡಿನಲ್ಲಿದ್ದ. ಬೋಳು ತಲೆಗೆ ಟೋಪಿ ದೊಡ್ಡದಾಗಿ ಹುಬ್ಬಿನವರೆಗೆ ಜಾರುತ್ತಿತ್ತು. ಪಿ.ಟಿ. ಸರ್ ಸಾಲು ನೋಡುತ್ತ ಬಂದು ಅವನ ಮುಂದೆ ನಿಂತರು. ಜೇಬಿನಿಂದ ಒಂದು ಸೇಫ್ಟಿ ಪಿನ್ ತೆಗೆದು, ಹಿಂದೆ ಹೇಗೆ ಮಡಚಬೇಕೆಂದು ತಮ್ಮ ಟೋಪಿಯಲ್ಲೇ ಮಡಚಿ ತೋರಿಸಿ, ಪಿನ್ನನ್ನು ಅವನ ಕೈಗೆ ಕೊಟ್ಟು ಮುಂದೆ ಹೋದರು.